ತಿದ್ದುವ ಕೈ ಮತ್ತು ಮೇಲ್ಪಂಕ್ತಿ: ಮರಳಿನಿಂದ ಮುದ್ರಿತ ಹಾಳೆಯವರೆಗೆ

'ಮೇಲ್ಪಂಕ್ತಿ' ಎಂಬ ಪದವನ್ನು ಇಂದು ನಾವು ಆದರ್ಶ, ಮಾದರಿ ಎಂಬ ಅರ್ಥದಲ್ಲಿ ಬಳಸುತ್ತೇವೆ. ಹಿರಿಯರು ಕಿರಿಯರಿಗೆ ಮೇಲ್ಪಂಕ್ತಿ ಹಾಕಿಕೊಡಬೇಕು ಎನ್ನುತ್ತೇವೆ. ಆದರೆ ಈ ಮಾತು ಹುಟ್ಟಿದ್ದು ಅಕ್ಷರ ಕಲಿಯುವ ಮಗುವಿನ ಮುಂದೆ. ಬರೆಯುವ ಹಲಗೆಯ ಅಥವಾ ಹಾಳೆಯ ತಲೆಯಲ್ಲಿ ಉಪಾಧ್ಯಾಯರು ದುಂಡಾಗಿ ಬರೆದುಕೊಡುವ ಮೊದಲ ಸಾಲೇ ಮೇಲ್ಪಂಕ್ತಿ. ಅದನ್ನು ನೋಡಿಕೊಂಡು ಮಗು ಕೆಳಗಿನ ಸಾಲುಗಳನ್ನು ತುಂಬಬೇಕು. ಇದರ ಜೊತೆಗೆ ಇನ್ನೊಂದು ಪದವಿದೆ: 'ತಿದ್ದು'. ಮಗು ಅಕ್ಷರವನ್ನು ತಿದ್ದುತ್ತದೆ, ಅಂದರೆ ಬರೆದ ಅಕ್ಷರದ ಮೇಲೆಯೇ ಮತ್ತೆ ಮತ್ತೆ ಕೈಯಾಡಿಸುತ್ತದೆ. ಉಪಾಧ್ಯಾಯರು ಮಗು ಬರೆದುದನ್ನು ತಿದ್ದುತ್ತಾರೆ, ಅಂದರೆ ತಪ್ಪನ್ನು ಸರಿಪಡಿಸುತ್ತಾರೆ. ಹಣೆಗೆ ತಿಲಕವನ್ನು ತಿದ್ದುವುದೂ ಇದೇ ಕ್ರಿಯಾಪದದಿಂದ. ಕಲಿಯುವವನ ಕೆಲಸಕ್ಕೂ ಕಲಿಸುವವನ ಕೆಲಸಕ್ಕೂ ಕನ್ನಡ ಒಂದೇ ಪದವನ್ನು ಇಟ್ಟುಕೊಂಡಿರುವುದು ಗಮನಾರ್ಹ.

ಈ ಎರಡು ಪದಗಳನ್ನು ಕುರಿತು ಯೋಚಿಸಲು ನನಗೆ ಕಾರಣವಾದುದು ಒಂದು ಸಣ್ಣ ಪ್ರಸಂಗ. ಬಂಧುಗಳ ಮನೆಯಲ್ಲಿ ಒಂದನೆಯ ತರಗತಿಯ ಬಾಲಕಿಯೊಬ್ಬಳು ಗಣಕಯಂತ್ರದಿಂದ ಮುದ್ರಿಸಿದ ಅಕ್ಷರಾಭ್ಯಾಸದ ಹಾಳೆಯನ್ನು ತುಂಬಿಸುತ್ತಿದ್ದಳು. ಹಾಳೆಯ ಅಕ್ಷರಗಳೆಲ್ಲ ಚುಕ್ಕಿಗಳಿಂದ ಮಾಡಿದವು. ಚುಕ್ಕಿಗಳನ್ನು ಸೇರಿಸಿದರೆ ಅಕ್ಷರ ಮೂಡುತ್ತದೆ. 'ಠ' ಇರಬೇಕಾದ ಸಾಲಿನಲ್ಲಿ ಅವಳು ಹತ್ತು ಬಾರಿ 'ರ' ಬರೆದಿದ್ದಳು. "ನಡುವಿನ ಚುಕ್ಕಿ ಎಲ್ಲಿ ಹೋಯಿತಮ್ಮ?" ಎಂದು ಕೇಳಿದೆ. "ಇಲ್ಲಿ ಎಲ್ಲಾ ಚುಕ್ಕಿನೇ ಅಲ್ವಾ ಅಜ್ಜ" ಎಂದಳು. ಅವಳ ಉತ್ತರದಲ್ಲಿ ತಪ್ಪಿರಲಿಲ್ಲ. ರಕಾರದಿಂದ ಠಕಾರವನ್ನು ಬೇರ್ಪಡಿಸುವ ಒಳಚುಕ್ಕಿಯು ಆ ಹಾಳೆಯಲ್ಲಿ ರೇಖೆಯ ಚುಕ್ಕಿಗಳ ನಡುವೆ ಕಳೆದುಹೋಗಿತ್ತು. ತಪ್ಪಿದ್ದು ಮಗುವಲ್ಲ, ಮೇಲ್ಪಂಕ್ತಿ.

ಮಕ್ಕಳಿಗೆ ಅಕ್ಷರ ತಿದ್ದಿಸುವ ಸಾಧನಗಳ ಇತಿಹಾಸವನ್ನು ಪರಿಶೀಲಿಸಿದರೆ, ಈ ತಪ್ಪು ಹೇಗೆ ಉಂಟಾಯಿತು ಮತ್ತು ಅದನ್ನು ಹೇಗೆ ನಿವಾರಿಸಬಹುದು ಎಂಬೆರಡೂ ಸ್ಪಷ್ಟವಾಗುತ್ತವೆ. ಪ್ರಸ್ತುತ ಲೇಖನದ ಉದ್ದೇಶ ಅಷ್ಟೇ.

ಹೇಮಪಟ್ಟಕದಿಂದ ಆರಂಭ

ಭಾರತೀಯ ಸಾಹಿತ್ಯದಲ್ಲಿ ಅಕ್ಷರಾಭ್ಯಾಸದ ಸ್ಪಷ್ಟ ಚಿತ್ರಗಳಲ್ಲಿ ಒಂದು ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದ ಹದಿನಾರನೆಯ ಪರ್ವದಲ್ಲಿದೆ. ವೃಷಭದೇವನು ತನ್ನ ಮಕ್ಕಳಾದ ಬ್ರಾಹ್ಮೀ ಮತ್ತು ಸುಂದರಿಯರಿಗೆ ವಿದ್ಯೆಯ ಮಹತ್ವವನ್ನು ತಿಳಿಸಿ, ಅಗಲವಾದ ಚಿನ್ನದ ಹಲಗೆಯ ಮೇಲೆ ಶ್ರುತದೇವಿಯನ್ನು ನೆಲೆಗೊಳಿಸಿ ಪೂಜಿಸಿ, ಎರಡೂ ಕೈಗಳಿಂದ ಬರೆದು ಅಕ್ಷರಮಾಲೆಯನ್ನೂ ಅಂಕಿಗಳ ಸ್ಥಾನವನ್ನೂ ಉಪದೇಶಿಸುತ್ತಾನೆ. ಆ ಅಕ್ಷರಾವಳಿಯ ಮೊದಲಲ್ಲಿ ಮಂಗಳರೂಪವಾಗಿ 'ಸಿದ್ಧಂ ನಮಃ' ಎಂಬುದಿದೆ. ಈ ಪುರಾಣವನ್ನು ಆಧರಿಸಿಯೇ ಪಂಪನು 941ರಲ್ಲಿ ಕನ್ನಡದ ಆದಿಪುರಾಣವನ್ನು ರಚಿಸಿದನು. ಬ್ರಾಹ್ಮಿಯ ಹೆಸರಿನಿಂದಲೇ ಲಿಪಿಗೆ ಬ್ರಾಹ್ಮೀ ಎಂಬ ಹೆಸರಾಯಿತೆಂಬುದು ಜೈನ ಪರಂಪರೆಯ ನಂಬಿಕೆ.

ಪುರಾಣದ ಕಥೆಯನ್ನು ಇತಿಹಾಸವೆಂದು ಓದಬೇಕಾಗಿಲ್ಲ. ಆದರೆ ಕವಿಯು ತನ್ನ ಕಾಲದ ಪದ್ಧತಿಯನ್ನು ಕಂಡೇ ಈ ಚಿತ್ರವನ್ನು ಬರೆದಿರಬೇಕು. ಅದೇ ಗ್ರಂಥದ ಮೂವತ್ತೆಂಟನೆಯ ಪರ್ವದಲ್ಲಿ ಗೃಹಸ್ಥರ ಕ್ರಿಯೆಗಳನ್ನು ಹೇಳುವಾಗ, ಐದನೆಯ ವರ್ಷದಲ್ಲಿ ಮಗುವಿಗೆ ಮೊದಲು ಅಕ್ಷರದರ್ಶನ ಮಾಡಿಸುವ ವಿಧಿಗೆ 'ಲಿಪಿಸಂಖ್ಯಾನಸಂಗ್ರಹ' ಎಂಬ ಹೆಸರನ್ನು ಕೊಡಲಾಗಿದೆ. ಲಿಪಿಯೂ ಸಂಖ್ಯೆಯೂ ಒಟ್ಟಿಗೆ ಆರಂಭವಾಗುತ್ತವೆ. ಮಗುವಿಗೆ ಕಲಿಸಲು ಓದುಬಲ್ಲ ಗೃಹಸ್ಥನೊಬ್ಬನನ್ನು ನೇಮಿಸಬೇಕೆಂಬ ಸೂಚನೆಯೂ ಅಲ್ಲಿದೆ.

'ಸಿದ್ಧಂ' ಎಂಬ ಮಂಗಳಪದ ಯಾವುದೇ ಒಂದು ಮತಕ್ಕೆ ಸೀಮಿತವಾಗಿರಲಿಲ್ಲ. ಏಳನೆಯ ಶತಮಾನದ ಕೊನೆಯಲ್ಲಿ ಭಾರತದಲ್ಲಿದ್ದ ಚೀನೀ ಬೌದ್ಧ ಯಾತ್ರಿಕ ಇತ್ಸಿಂಗ್, ಆರು ವರ್ಷದ ಮಕ್ಕಳು ಸಿದ್ಧಂ ಎಂಬ ಮೊದಲ ಪಾಠವನ್ನು ಆರು ತಿಂಗಳಲ್ಲಿ ಮುಗಿಸುತ್ತಿದ್ದರೆಂದು ಬರೆದಿದ್ದಾನೆ. ಶಿವನಿಗೆ ನಮಸ್ಕರಿಸುವ ತಾಳಗುಂದದ ಸ್ತಂಭಶಾಸನವೂ 'ಸಿದ್ಧಂ' ಎಂದೇ ಆರಂಭವಾಗುತ್ತದೆ. ಕನ್ನಡದಲ್ಲಿ ಮೊದಲ ಪಾಠಕ್ಕೆ ಉಳಿದುಬಂದ 'ಓನಾಮ' ಎಂಬ ಹೆಸರು ಇದೇ ಬಗೆಯ 'ಓಂ ನಮಃ' ಎಂಬ ಆರಂಭದಿಂದ ಬಂದದ್ದು. ಜಿನಸೇನರ ಚಿತ್ರದಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದುದು ಒಂದೇ ಅಂಶ: ಗುರುವು ಅಕ್ಷರವನ್ನು ಶಿಷ್ಯರ ಕಣ್ಣೆದುರಿಗೆ ಬರೆಯುತ್ತಾನೆ. ಬರೆದು ಸಿದ್ಧವಾದ ಅಕ್ಷರವನ್ನಷ್ಟೇ ಮಕ್ಕಳು ನೋಡುವುದಿಲ್ಲ, ಅದು ಮೂಡುವ ಬಗೆಯನ್ನೂ ನೋಡುತ್ತಾರೆ.

ಘಟ್ಟದ ಗುಡಿಯ ಮರಳು

ಚಿನ್ನದ ಹಲಗೆ ಪುರಾಣದ್ದು. ನಾಡಿನ ಮಕ್ಕಳಿಗೆ ದೊರೆತದ್ದು ಮರಳು. 1623ರ ನವೆಂಬರ್ ತಿಂಗಳಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ, ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟ ಹತ್ತಿದನು. ಅಲ್ಲಿಯ ಗುಡಿಯೊಂದರ ಮುಖಮಂಟಪದಲ್ಲಿ ನಾಲ್ವರು ಬಾಲಕರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ತನ್ನ ಪತ್ರದಲ್ಲಿ ವಿವರವಾಗಿ ಬರೆದನು. ನೆಲದ ಮೇಲೆ ನುಣುಪಾದ ಮರಳು ಹರಡಿತ್ತು. ಒಬ್ಬ ಬಾಲಕ ಪಾಠದ ಒಂದು ಭಾಗವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನಲ್ಲಿ ಬರೆಯುವನು. ಉಳಿದ ಮೂವರು ಅದನ್ನೇ ಹಾಡುತ್ತ ಬರೆಯುವರು. ನೆಲ ತುಂಬಿದ ಮೇಲೆ ಅಳಿಸಿ, ಬೇಕಾದರೆ ಹೊಸ ಮರಳು ಹರಡಿ ಮುಂದುವರಿಯುವರು. ಅಲ್ಲಿ ಉಪಾಧ್ಯಾಯನಿರಲಿಲ್ಲ. ಒಬ್ಬರು ತಪ್ಪಿದರೆ ಇನ್ನೊಬ್ಬರು ತಿದ್ದುತ್ತಿದ್ದರು. ಕಾಗದ ವ್ಯರ್ಥವಾಗದ ಈ ಕ್ರಮ ಸುಲಭವೂ ಭದ್ರವೂ ಆದುದೆಂದು ಅವನಿಗೆ ತೋರಿತು.

ಇದಾಗಿ ಸುಮಾರು ಇನ್ನೂರು ವರ್ಷಗಳಿಗೆ, 1823ರ ಆಗಸ್ಟ್ 17ರಂದು, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮದರಾಸಿನ ರೆವಿನ್ಯೂ ಬೋರ್ಡಿಗೆ ತನ್ನ ಜಿಲ್ಲೆಯ ಶಾಲೆಗಳ ವರದಿಯನ್ನು ಬರೆದನು. ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಕೇಳಿದ್ದ ಮಾಹಿತಿಗೆ ಇದು ಉತ್ತರ. ಜಿಲ್ಲೆಯಲ್ಲಿ ಆಗ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಅವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226. ಧರಂಪಾಲ್ ಅವರು 1983ರಲ್ಲಿ ಪ್ರಕಟಿಸಿದ ಸಂಕಲನದ ಮೂಲಕ ಈ ವರದಿ ಇಂದಿನ ಸಂಶೋಧಕರಿಗೆ ಸುಪರಿಚಿತ. ಆದರೆ ಸಾಮಾನ್ಯವಾಗಿ ಚರ್ಚೆ ಶಾಲೆಗಳ ಸಂಖ್ಯೆಯ ಸುತ್ತಲೇ ನಡೆಯುತ್ತದೆ. ಬರವಣಿಗೆಯನ್ನು ಕುರಿತು ಕ್ಯಾಂಪ್‌ಬೆಲ್ ಕೊಟ್ಟ ವಿವರಗಳು ಅಷ್ಟೇ ಬೆಲೆಯುಳ್ಳವು.

ಅವನ ಪ್ರಕಾರ, ಇಲ್ಲಿಯ ಮಗು ಅಕ್ಷರಗಳನ್ನು ಕಲಿಯುವುದು ಮರಳಿನಲ್ಲಿ ಬೆರಳಿನಿಂದ ಬರೆಯುವ ಮೂಲಕ. ಯೂರೋಪಿನಲ್ಲಿರುವಂತೆ ಅಕ್ಷರಮಾಲೆಯನ್ನು ಬಾಯಿಯಿಂದ ಒಪ್ಪಿಸುವ ಮೂಲಕವಲ್ಲ. ಮರಳಿನಲ್ಲಿ ಕೈ ಪಳಗಿದ ಮೇಲೆ ಓಲೆಗರಿಯ ಮೇಲೆ ಕಂಟದಿಂದಲೋ, ಕಾಗದದ ಮೇಲೆ ಲಾಳದ ಕಡ್ಡಿಯಿಂದಲೋ ಬರೆಯುವ ಅಧಿಕಾರ ಬರುತ್ತಿತ್ತು. ಹೆಚ್ಚು ಬಳಕೆಯಲ್ಲಿದ್ದುದು ಹಲಗೆ ಮತ್ತು ಕಡತ. ಹಲಗೆಯೆಂದರೆ ಸುಮಾರು ಒಂದು ಅಡಿ ಅಗಲ, ಮೂರು ಅಡಿ ಉದ್ದದ ಮರದ ಪಟ್ಟಿ. ಅದನ್ನು ನುಣುಪುಗೊಳಿಸಿ ಅನ್ನ ಮತ್ತು ಇದ್ದಿಲ ಪುಡಿಯನ್ನು ಬಳಿದರೆ ಬರೆಯಲು ಸಿದ್ಧ. ಕಡತವೆಂದರೆ ಗಂಜಿ ಹಾಕಿ ಬಿರುಸುಗೊಳಿಸಿದ ಬಟ್ಟೆ. ಅದನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಮಿಶ್ರಣವನ್ನು ಬಳಿಯುತ್ತಿದ್ದರು. ಎರಡರ ಮೇಲೂ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಬಹುದಿತ್ತು. ಇದೇ ಬಗೆಯ ಕಡತಗಳಲ್ಲಿ ಮಠಮಾನ್ಯಗಳ ಲೆಕ್ಕಪತ್ರಗಳನ್ನೂ ಬರೆದಿಡುತ್ತಿದ್ದರು. ಇಂದು ಕಚೇರಿಯ ಫೈಲಿಗೆ ಉಳಿದಿರುವ 'ಕಡತ' ಎಂಬ ಹೆಸರಿನ ಹಿಂದೆ ಈ ಕಪ್ಪು ಬಟ್ಟೆಯಿದೆ.

ಕ್ಯಾಂಪ್‌ಬೆಲ್ಲನ ಒಂದು ಮಾತನ್ನು ಇಲ್ಲಿ ನಿಂತು ನೋಡಬೇಕು. ವರ್ಣಮಾಲೆಯ ಕ್ರಮ ಉಚ್ಚಾರಣೆಯ ಸ್ಥಾನವನ್ನು ಅನುಸರಿಸಿದ್ದು. ಕ, ಚ, ಟ, ತ, ಪ ವರ್ಗಗಳು ಕಂಠದಿಂದ ತುಟಿಯವರೆಗೆ ಸಾಗುತ್ತವೆ. ವೈಯಾಕರಣನಿಗೆ ಅಕ್ಷರವು ಮೊದಲು ಧ್ವನಿ. ಮರಳಿನ ಮುಂದೆ ಕುಳಿತ ಮಗುವಿಗಾದರೋ ಅದು ಬೆರಳಿನ ಚಲನೆ. ಬಾಯಿ ಹೇಳುತ್ತಿರುವಾಗಲೇ ಬೆರಳು ಸಾಗುತ್ತದೆ. ದೆಲ್ಲಾ ವಾಲ್ಲೆ ಕಂಡ ಬಾಲಕರಲ್ಲಿಯೂ ರಾಗ ಮತ್ತು ರೇಖೆ ಬೇರೆಬೇರೆಯಾಗಿರಲಿಲ್ಲ.

ಈ ಪದ್ಧತಿಯನ್ನು ಬಣ್ಣ ಹಚ್ಚಿ ನೋಡಬೇಕಾಗಿಲ್ಲ. ತಡವಾಗಿ ಬಂದ ಮಕ್ಕಳಿಗೆ ಬಂದ ಸರದಿಯಂತೆ ಏಟುಗಳು ಹೆಚ್ಚುತ್ತಿದ್ದುದನ್ನೂ, ಅರ್ಥ ತಿಳಿಯದೆ ಪದ್ಯಗಳನ್ನು ಉರುಹೊಡೆಯುತ್ತಿದ್ದುದನ್ನೂ ಅದೇ ವರದಿ ಹೇಳುತ್ತದೆ. ಹೆಣ್ಣುಮಕ್ಕಳ ಸಂಖ್ಯೆ ಅತ್ಯಲ್ಪವಾಗಿತ್ತು. ಮೊದಲ ಅಕ್ಷರವನ್ನು ಇಬ್ಬರು ಹೆಣ್ಣುಮಕ್ಕಳಿಗೆ ಕಲಿಸಿದ ಕಥೆಯನ್ನು ನಾವು ಸಾವಿರ ವರ್ಷ ಓದಿಕೊಂಡು ಬಂದೆವು. ಆದರೆ ಶಾಲೆಯ ಜಗಲಿಯ ಮೇಲೆ ಬ್ರಾಹ್ಮೀ ಸುಂದರಿಯರಿಗೆ ಸ್ಥಳವಿರಲಿಲ್ಲ. ಈ ಕೊರತೆಯನ್ನು ಹೇಳದೆ ಮರಳಿನ ಪಾಠವನ್ನು ಹೊಗಳುವುದು ನ್ಯಾಯವಲ್ಲ.

ಮರಳಿನ ಪಾಠ ಕಡಲನ್ನೂ ದಾಟಿತು. 1789ರಲ್ಲಿ ಮದರಾಸಿನ ಸೈನಿಕ ಅನಾಥಾಲಯದ ಮೇಲ್ವಿಚಾರಕನಾದ ಆಂಡ್ರೂ ಬೆಲ್, ದೇಶೀಯ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬರೆಯುತ್ತಿದ್ದುದನ್ನು ನೋಡಿ ಅದನ್ನು ತನ್ನ ಶಾಲೆಯಲ್ಲಿ ಅಳವಡಿಸಿದನು. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಕ್ರಮವೂ ಅದರೊಡನೆ ಸೇರಿತು. 1797ರಲ್ಲಿ ಲಂಡನ್ನಿನಲ್ಲಿ ಅವನು ಪ್ರಕಟಿಸಿದ ವರದಿಯ ನಂತರ ಇದು 'ಮದರಾಸು ಪದ್ಧತಿ' ಎಂದು ಹೆಸರಾಯಿತು. ಇಂಗ್ಲೆಂಡಿನ ಬಡಮಕ್ಕಳೂ ಮರಳಿನ ತಟ್ಟೆಯಲ್ಲಿ ಅಕ್ಷರ ತಿದ್ದಿದರು. ಇಂಗ್ಲೆಂಡಿನಲ್ಲಿ ಆದ ಈ ಅನುಕರಣೆ ತಕ್ಕುದೇ ಆಗಿತ್ತೆಂದು ಕ್ಯಾಂಪ್‌ಬೆಲ್ ಸಹ ಒಪ್ಪಿದ್ದಾನೆ.

ಕಲ್ಲಚ್ಚು ಮತ್ತು ಮೊಳೆಯಚ್ಚು

ಮುದ್ರಣ ಬಂದ ಮೇಲೆ ಮೇಲ್ಪಂಕ್ತಿಯ ಸ್ವರೂಪ ಬದಲಾಯಿತು. ಕನ್ನಡದ ಆರಂಭಕಾಲದ ಮುದ್ರಣದಲ್ಲಿ ಎರಡು ದಾರಿಗಳಿದ್ದವು. 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಲೋಹದ ಮೊಳೆಗಳಿಂದ ಆದುದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ಆರಂಭಿಸಿದ್ದು ಕಲ್ಲಚ್ಚು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ 'ಮಂಗಳೂರ ಸಮಾಚಾರ'ವೂ ಕಲ್ಲಚ್ಚಿನಲ್ಲಿಯೇ ಮುದ್ರಿತವಾಯಿತು.

ಇವೆರಡರ ಭೇದ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಕಲ್ಲಚ್ಚಿನಲ್ಲಿ ಲಿಪಿಕಾರನು ಕೈಯಿಂದ ಬರೆದುದೇ ಕಲ್ಲಿಗಿಳಿದು ನೂರಾರು ಪ್ರತಿಗಳಾಗುತ್ತದೆ. ರೇಖೆಯ ಆರಂಭ, ತಿರುವು, ಲೇಖನಿಯನ್ನು ಎತ್ತಿದ ಸ್ಥಳ ಎಲ್ಲವೂ ಮುದ್ರಣದಲ್ಲಿ ಉಳಿಯುತ್ತವೆ. ಅದು ಮುದ್ರಿತವಾದ ಕೈಬರಹ. ಮೊಳೆಯಚ್ಚಿನಲ್ಲಿ ಅಕ್ಷರವನ್ನು ಬರೆಯುವುದಿಲ್ಲ, ಕೆತ್ತುತ್ತಾರೆ. ಒಡಲು, ಗುಣಿತದ ಚಿಹ್ನೆ, ಒತ್ತು ಇವುಗಳನ್ನು ಬಿಡಿಬಿಡಿಯಾಗಿ ಎರಕಹೊಯ್ದು ಜೋಡಿಸುತ್ತಾರೆ. ಓದುವ ಕಣ್ಣಿಗೆ ಇದರಿಂದ ಬಹಳ ಲಾಭವಾಯಿತು. ರೂಪ ಸ್ಥಿರವಾಯಿತು, ಪುಸ್ತಕ ಅಗ್ಗವಾಯಿತು. ಆದರೆ ಆ ಅಕ್ಷರಕ್ಕೆ ಮೊದಲು ಯಾವುದು, ಕೊನೆ ಯಾವುದು ಎಂಬುದಿಲ್ಲ. ಅದು ಒಮ್ಮೆಗೇ ಮೂಡುತ್ತದೆ.

ಶಾಲೆಗಳಲ್ಲಿ ಇದರಿಂದ ತೊಂದರೆಯಾಗಲಿಲ್ಲ. ಓದಲು ಮುದ್ರಿತ ಪುಸ್ತಕವಿದ್ದರೂ ಬರೆಯಲು ಮೇಲ್ಪಂಕ್ತಿಯನ್ನು ಉಪಾಧ್ಯಾಯರೇ ಹಾಕಿಕೊಡುತ್ತಿದ್ದರು. ಸ್ಲೇಟಿನ ಮೇಲೆ ಅವರು ದೊಡ್ಡದಾಗಿ 'ಅ' ಬರೆದರೆ ಮಗು ಅದು ಬೆರಳಿನಷ್ಟು ದಪ್ಪವಾಗುವವರೆಗೆ ತಿದ್ದುತ್ತಿತ್ತು. ವಿಜಯದಶಮಿಯಂದು ಅಕ್ಕಿಯ ತಟ್ಟೆಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುವ ಕ್ರಮವೂ ಇದೇ ಪರಂಪರೆಯದು. ಎಂದರೆ ಓದಿಗೆ ಮೊಳೆಯ ಅಕ್ಷರ, ಬರಹಕ್ಕೆ ಕೈಯ ಅಕ್ಷರ ಎಂಬ ವಿಭಾಗ ಇಪ್ಪತ್ತನೆಯ ಶತಮಾನದ ಬಹುಭಾಗದವರೆಗೆ ಉಳಿದುಬಂದಿತು.

ಗಣಕದ ಅಕ್ಷರ ಮೇಲ್ಪಂಕ್ತಿಯಾದಾಗ

ಗಣಕಯಂತ್ರವು ಈ ವಿಭಾಗವನ್ನು ಅಳಿಸಿತು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. 1998ರಲ್ಲಿ 'ಬರಹ', ಅನಂತರ 'ನುಡಿ' ತಂತ್ರಾಂಶಗಳು ಬಂದು ಕನ್ನಡದ ಅಕ್ಷರವಿನ್ಯಾಸಗಳು ಎಲ್ಲರ ಕೈಗೆ ಸಿಕ್ಕವು. ಇಂದು ಯಾವ ತಾಯಿಯಾದರೂ, ಯಾವ ಹಳ್ಳಿಯ ಉಪಾಧ್ಯಾಯರಾದರೂ ಒಂದು ಅಕ್ಷರವನ್ನು ದೊಡ್ಡದಾಗಿ ಬೆರಳಚ್ಚಿಸಿ, ಬಣ್ಣವನ್ನು ಮಸುಕಾಗಿಸಿ ಅಥವಾ ರೇಖೆಯನ್ನು ಚುಕ್ಕಿಯಾಗಿಸಿ, ಅಭ್ಯಾಸದ ಹಾಳೆಯನ್ನು ಕ್ಷಣದಲ್ಲಿ ಮುದ್ರಿಸಬಹುದು. ಇದು ಸಣ್ಣ ಲಾಭವಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ನೆನೆಯುವ ನಾಡಿನಲ್ಲಿ, ಪ್ರತಿಮಾಡುವ ಶಕ್ತಿ ಎಲ್ಲರ ಮನೆಗೂ ಬಂದಿದೆ.

ಆದರೆ ಓದಲೆಂದು ರೂಪಿಸಿದ ಅಕ್ಷರವನ್ನು ಬರೆಯುವ ಮಾದರಿಯಾಗಿ ಕೊಡುವಾಗ ಮೂರು ದೋಷಗಳು ಉಂಟಾಗುತ್ತವೆ.

ಮೊದಲನೆಯದು ಕ್ರಮದ ದೋಷ. ಅಕ್ಷರವನ್ನು ಎಲ್ಲಿಂದ ಆರಂಭಿಸಬೇಕು, ಯಾವ ಕಡೆಗೆ ಸುತ್ತಬೇಕು, ತಲೆಕಟ್ಟನ್ನು ಯಾವಾಗ ಎಳೆಯಬೇಕು ಎಂಬುದನ್ನು ಸಿದ್ಧ ಅಕ್ಷರ ಹೇಳುವುದಿಲ್ಲ. ಮಗು ತನಗೆ ತೋಚಿದ ಕಡೆಯಿಂದ ಹೊರಟು ಹಾಳೆಯನ್ನು ಅಂದವಾಗಿ ತುಂಬಿಸಬಹುದು. ಆದರೆ ವೇಗವಾಗಿ ಬರೆಯಬೇಕಾದ ತರಗತಿಗೆ ಬಂದಾಗ ಕೈ ತೊಡರುತ್ತದೆ.

ಎರಡನೆಯದು ಭೇದದ ದೋಷ. ಕನ್ನಡದಲ್ಲಿ ಅನೇಕ ಅಕ್ಷರಗಳ ಒಡಲು ಒಂದೇ. 'ರ'ಕಾರದೊಳಗೆ ಚುಕ್ಕಿಯಿಟ್ಟರೆ 'ಠ'. 'ದ'ಕಾರದ ಅಡಿಯನ್ನು ಸೀಳಿದರೆ 'ಧ'. 'ಪ'ಕಾರವನ್ನು ಸೀಳಿದರೆ 'ಫ'. ಹೀಗೆ ಅಕ್ಷರಗಳ ಭೇದ ಒಂದು ಚುಕ್ಕಿಯಲ್ಲಿ, ಒಂದು ಸೀಳಿನಲ್ಲಿ ಅಡಗಿದೆ. ಚುಕ್ಕಿಗಳಿಂದಲೇ ಅಕ್ಷರ ಮಾಡಿದರೆ ಅರ್ಥವುಳ್ಳ ಚುಕ್ಕಿಗೂ ಅರ್ಥವಿಲ್ಲದ ಚುಕ್ಕಿಗೂ ಭೇದ ತಿಳಿಯದು. ಸೀಳು ಕೂಡ ಚುಕ್ಕಿಗಳ ನಡುವಿನ ಅಂತರದಂತೆಯೇ ಕಾಣುತ್ತದೆ. ಚುಕ್ಕಿರೇಖೆಯ ಈ ಪದ್ಧತಿ ರೋಮನ್ ಲಿಪಿಯ ಹಾಳೆಗಳಿಂದ ನಮಗೆ ಬಂದದ್ದು. ಆ ಲಿಪಿಯಲ್ಲಿ ಒಡಲೊಳಗಿನ ಚುಕ್ಕಿಯಿಂದಲೋ ಅಡಿಯ ಸೀಳಿನಿಂದಲೋ ಅಕ್ಷರ ಬೇರೆಯಾಗುವುದಿಲ್ಲವಾದ್ದರಿಂದ ಅಲ್ಲಿ ಈ ತೊಡಕು ಹುಟ್ಟುವುದಿಲ್ಲ.

ಮೂರನೆಯದು ಸಾಲಿನ ದೋಷ. ಇಂಗ್ಲಿಷಿನ ನಾಲ್ಕು ಗೆರೆಗಳ ಹಾಳೆಯನ್ನೇ ಕನ್ನಡಕ್ಕೂ ಬಳಸುವುದುಂಟು. ಕನ್ನಡದ ಒಡಲಿಗೆ ಎರಡು ಗೆರೆಗಳು ಸಾಕು. ಆದರೆ ಮೇಲೆ ಗುಡಿಸಿಗೆ, ಕೆಳಗೆ ಒತ್ತಿಗೆ ಧಾರಾಳವಾದ ಸ್ಥಳ ಬೇಕು. 'ರಾಷ್ಟ್ರ' ಎಂದು ಬರೆಯುವಾಗ ಷಕಾರದ ಕೆಳಗೆ ಎರಡು ಒತ್ತುಗಳಿಗೆ ಎಡೆಯಿರಬೇಕು. ಇಕ್ಕಟ್ಟಾದ ಗೆರೆಗಳಲ್ಲಿ ಮಗು ಒತ್ತನ್ನು ಕುಗ್ಗಿಸುತ್ತದೆ ಅಥವಾ ಮುಂದಿನ ಸಾಲಿಗೆ ತಾಗಿಸುತ್ತದೆ.

ಹಳೆಯ ಕ್ರಮದಿಂದ ಹೊಸ ಹಾಳೆಗೆ

ಇತಿಹಾಸವು ಈ ದೋಷಗಳಿಗೆ ಪರಿಹಾರವನ್ನೂ ಸೂಚಿಸುತ್ತದೆ. ಅಕ್ಷರಗಳ ಸರದಿಯ ವಿಷಯದಲ್ಲಿ ನಮ್ಮ ಶಾಲೆಗಳು ಆಗಲೇ ಕೈಯ ಕಡೆಗೆ ಹೊರಳಿವೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ' ಪದ್ಧತಿಯಲ್ಲಿ ಮಕ್ಕಳು ಮೊದಲು ಕಲಿಯುವುದು ರ, ಗ, ಸ, ದ, ಅ ಎಂಬ ಗುಂಪನ್ನು. ಇದು ವರ್ಣಮಾಲೆಯ ಕ್ರಮವಲ್ಲ. ರಕಾರದ ದುಂಡು ಕೈಗೆ ಬಂದರೆ ದಕಾರ ದೂರವಿಲ್ಲ. ಹಾಳೆಗಳನ್ನು ಸಿದ್ಧಪಡಿಸುವವರು ಹೀಗೆ ರೂಪಸಾಮ್ಯವುಳ್ಳ ಅಕ್ಷರಗಳನ್ನು ಒಟ್ಟಿಗೆ ಇಟ್ಟು, ಒಡಲನ್ನು ಮೊದಲು ತಿದ್ದಿಸಿ, ಚುಕ್ಕಿ ಸೀಳುಗಳನ್ನು ಅನಂತರ ಸೇರಿಸಬಹುದು.

ಚುಕ್ಕಿರೇಖೆಯ ಬದಲು ಮಸುಕಾದ ಬೂದುಬಣ್ಣದ ಅಖಂಡ ರೇಖೆ ಕನ್ನಡಕ್ಕೆ ತಕ್ಕುದು. ಅದರ ಮೇಲೆ ಆರಂಭದ ಬಿಂದುವನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ಚಲನೆಯ ದಿಕ್ಕನ್ನು ಬಾಣದಿಂದಲೂ ರೇಖೆಗಳ ಸರದಿಯನ್ನು 1, 2, 3 ಎಂಬ ಅಂಕಿಗಳಿಂದಲೂ ತೋರಿಸಬೇಕು. ಒಂದು ಸಾಲಿನಲ್ಲಿ ಮೊದಲು ಗಾಢವಾದ ಒಂದು ಮಾದರಿ, ಅನಂತರ ತಿದ್ದಲು ಮಸುಕಾದ ಎರಡು ಮೂರು ಅಕ್ಷರಗಳು, ಕೊನೆಗೆ ಬರಿಯ ಸ್ಥಳ. ಉಪಾಧ್ಯಾಯರು ಹಿಡಿದ ಬೆರಳನ್ನು ಮೆಲ್ಲಗೆ ಬಿಡುವ ಕ್ರಮವಿದು. ಹಾಳೆಯನ್ನು ಪಾರದರ್ಶಕವಾದ ಪ್ಲಾಸ್ಟಿಕ್ ಹೊದಿಕೆಯೊಳಗೆ ಇಟ್ಟು ಒರೆಸಬಹುದಾದ ಪೆನ್ನು ಕೊಟ್ಟರೆ ಒಂದೇ ಹಾಳೆ ತಿಂಗಳುಗಟ್ಟಲೆ ಬರುತ್ತದೆ. ಘಟ್ಟದ ಗುಡಿಯ ಬಾಲಕರು ನಾನೂರು ವರ್ಷಗಳ ಹಿಂದೆ ಮರಳಿನಿಂದ ಸಾಧಿಸಿದ ಮಿತವ್ಯಯವೂ ಇದೇ.

ಎಲ್ಲಕ್ಕಿಂತ ಮೇಲಾದ ಉಪಾಯ ಇನ್ನೊಂದಿದೆ. ಕಲಿಸುವವರು ತಮ್ಮ ಕೈಯಿಂದಲೇ ಅಕ್ಷರಗಳನ್ನು ದೊಡ್ಡದಾಗಿ ಬರೆದು, ಸ್ಕ್ಯಾನ್ ಮಾಡಿ, ಮಸುಕಾಗಿಸಿ ಮುದ್ರಿಸುವುದು. 1843ರ ಕಲ್ಲಚ್ಚಿನ ಲಿಪಿಕಾರನು ಮಾಡಿದ್ದು ಇದನ್ನೇ. ಯಂತ್ರವು ಪ್ರತಿಗಳನ್ನು ಮಾಡಲಿ, ಮೇಲ್ಪಂಕ್ತಿಯನ್ನು ಮಾತ್ರ ಕೈ ಬರೆಯಲಿ. ಇದಕ್ಕೆ ಕಲಾವಿದನ ಕೈ ಬೇಕಿಲ್ಲ. ಅಕ್ಷರ ಸ್ವಲ್ಪ ಓರೆಯಾಗಿದ್ದರೂ ಅದು ಬರೆದ ಅಕ್ಷರವೆಂಬುದು ಮಗುವಿಗೆ ತಿಳಿಯುತ್ತದೆ.

ಆ ಬಾಲಕಿಗಾಗಿ ನಾನು ಹೀಗೆ ಎರಡು ಹಾಳೆಗಳನ್ನು ಸಿದ್ಧಪಡಿಸಿದೆ. ಒಂದರಲ್ಲಿ ರ ಮತ್ತು ಠ, ಇನ್ನೊಂದರಲ್ಲಿ ದ ಮತ್ತು ಧ. ಪ್ರತಿಗಳನ್ನು ತೆಗೆಯುವ ಮೊದಲು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳೆದುರಿಗೇ ಬರೆದೆ. ಠಕಾರದ ಒಳಚುಕ್ಕಿಯನ್ನು ಇಡುವ ಮೊದಲು ಕೈ ಎತ್ತಿ ನಿಂತೆ. "ಈಗ ಚುಕ್ಕಿ" ಎಂದು ಅವಳೇ ಹೇಳಿದಳು. ಅನಂತರ ನಾನು ಬರೆದ ಧಕಾರದ ಸೀಳು ಸರಿಯಾಗಿಲ್ಲವೆಂದು ಪೆನ್ಸಿಲ್ ಕಸಿದುಕೊಂಡು ಅದನ್ನು ತಿದ್ದಿದಳು.